ಹಸಿರು ಟಿಕ್ ಬಿತ್ತು, ವೇಬ್ರಿಡ್ಜ್ ನಿಂತಿತು: ದಾವಣಗೆರೆಯ ಒಂದು ಬಿಲ್ಡ್ ಪ್ರಕರಣ

2025ರ ಮೇ ತಿಂಗಳು. ಭದ್ರಾ ಅಚ್ಚುಕಟ್ಟಿನ ಬೇಸಿಗೆ ಭತ್ತ ಗದ್ದೆಯಿಂದ ಗಿರಣಿಗೆ ಬರುತ್ತಿದ್ದ ದಿನಗಳು. ಒಂದು ಬೆಳಗ್ಗೆ ಹರಿಹರ, ಮಲೇಬೆನ್ನೂರು ಕಡೆಯ ಕೆಲವು ವೇಬ್ರಿಡ್ಜ್‌ಗಳಲ್ಲಿ ತೂಕದ ಸಾಫ್ಟ್‌ವೇರ್ ತೆರೆಯಲೇ ಇಲ್ಲ. ತೂಕ ತೋರಿಸುವ ಇಂಡಿಕೇಟರ್ ಪೆಟ್ಟಿಗೆಯ ಮೇಲೆ ಕೆಂಪು ಅಂಕಿ ಎಂದಿನಂತೆ ಬರುತ್ತಿತ್ತು, ಪಿಸಿಯ ಪರದೆ ಮಾತ್ರ ಖಾಲಿ. ಆಪರೇಟರ್‌ಗಳು ಅಂಕಿ ನೋಡಿ ಕೈಯಲ್ಲೇ ಚೀಟಿ ಬರೆದುಕೊಟ್ಟರು. "ಅಣ್ಣಾ, ತೂಕನೂ ಬರ್ತಿಲ್ಲ, ಚೀಟಿನೂ ಬರ್ತಿಲ್ಲ, ಗಾಡಿ ರೋಡಿನ ತಂಕ ನಿಂತಾವೆ" ಎಂಬ ಫೋನುಗಳು ದಾವಣಗೆರೆ ವಿದ್ಯಾನಗರದ ಒಂದು ಸಣ್ಣ ಸಾಫ್ಟ್‌ವೇರ್ ಕಚೇರಿಗೆ ಬರತೊಡಗಿದವು. ವಿಚಿತ್ರವೆಂದರೆ, ಹೊಸ ಪಿಸಿ ಕೊಂಡಿದ್ದ ಒಂದಿಬ್ಬರು ಗ್ರಾಹಕರಲ್ಲಿ ಎಲ್ಲವೂ ಸರಿಯಿತ್ತು.

ಆ ಕಚೇರಿಯ ಹೆಸರು ಇಲ್ಲಿ ಬೇಡ. ಬಿಲ್ಡ್ ವ್ಯವಸ್ಥೆ, ಅಂದರೆ ಬರೆದ ಕೋಡನ್ನು ಓಡುವ ಸಾಫ್ಟ್‌ವೇರ್ ಆಗಿ ಕಟ್ಟುವ ಏರ್ಪಾಡು, ನೋಡಿಕೊಡಲು ಅವರು ನನ್ನನ್ನು ಹೊರಗಿನಿಂದ ಕರೆದಿದ್ದರು. ಲಿನಕ್ಸ್‌ಗೆ ಸಾಫ್ಟ್‌ವೇರ್ ಮಾಡಿ ಹಂಚುವ ಯಾರಿಗಾದರೂ ಇದು ಬಂದೊದಗಬಹುದಾದ್ದರಿಂದ ವಿವರವಾಗಿಯೇ ಬರೆಯುತ್ತಿದ್ದೇನೆ.

ಸಾಫ್ಟ್‌ವೇರ್ ಸಿ++ನಲ್ಲಿದೆ. ಇಂಡಿಕೇಟರ್‌ನಿಂದ ಸೀರಿಯಲ್ ಪೋರ್ಟ್ ಮೂಲಕ ಬರುವ ಅಕ್ಷರಸಾಲನ್ನು ಓದಿ, ಖಾಲಿ ಗಾಡಿ ತೂಕ, ತುಂಬಿದ ತೂಕ, ನಿವ್ವಳ ತೂಕ ಲೆಕ್ಕ ಹಾಕಿ, ಎಸ್‌ಕ್ಯೂಲೈಟ್ ಡೇಟಾಬೇಸ್‌ನಲ್ಲಿ ಇಟ್ಟು, ಚೀಟಿ ಮುದ್ರಿಸುತ್ತದೆ. ದಿನದ ಲೆಕ್ಕವನ್ನು ಎಚ್‌ಟಿಟಿಪಿಎಸ್ ಮೂಲಕ ಮಾಲೀಕರಿಗೆ ಕಳಿಸುತ್ತದೆ. ಗ್ರಾಹಕರ ಪಿಸಿಗಳಲ್ಲಿ ಲಿನಕ್ಸ್‌ನ ಬೇರೆ ಬೇರೆ ರೂಪಗಳಿದ್ದವು: ಡೆಬಿಯನ್ 10 ಇತ್ತು, 11 ಇತ್ತು, ಉಬುಂಟು 20.04 ಇತ್ತು, ಹೊಸದಾಗಿ ಕೊಂಡವರಲ್ಲಿ 22.04, 24.04 ಇದ್ದವು. ವೇಬ್ರಿಡ್ಜ್ ಕೋಣೆಯ ಪಿಸಿಯನ್ನು ಯಾರೂ ಚಂದಕ್ಕೆಂದು ಬದಲಿಸುವುದಿಲ್ಲ. ದೂಳು, ಸೆಕೆ, ಕರೆಂಟಿನ ಏರಿಳಿತ ತಡೆದುಕೊಂಡು ಓಡುವಷ್ಟು ದಿನ ಓಡುತ್ತದೆ, ಸುಟ್ಟ ಮೇಲೆ ಹೊಸದು ಬರುತ್ತದೆ.

ಬದಲಾದದ್ದು ಒಂದು ಸಾಲು

ಹೊಸ ಆವೃತ್ತಿಯನ್ನು ತಾನಾಗಿ ತಯಾರಿಸುವ ರಿಲೀಸ್ ಪೈಪ್‌ಲೈನ್, ಕೋಡ್ ಇಡುವ ಗಿಟ್‌ಹಬ್ ತಾಣದ ಸೇವೆಯಾದ ಗಿಟ್‌ಹಬ್ ಆ್ಯಕ್ಷನ್ಸ್‌ನಲ್ಲಿತ್ತು. ಕೋಡ್‌ಗೆ ಟ್ಯಾಗ್ ಹಾಕಿದರೆ ಬಿಲ್ಡ್ ಆಗಿ, ಪರೀಕ್ಷೆಗಳು ಓಡಿ, ಡೆಬಿಯನ್, ಉಬುಂಟುಗಳಲ್ಲಿ ಹಾಕಬಲ್ಲ ಡೆಬ್ ಪ್ಯಾಕೇಜ್ ತಯಾರಾಗುತ್ತಿತ್ತು. ರಾತ್ರಿ ಗ್ರಾಹಕರ ಪಿಸಿಯಲ್ಲಿ ಒಂದು ಸ್ಕ್ರಿಪ್ಟ್ ಎದ್ದು, ಹೊಸ ಪ್ಯಾಕೇಜ್ ಇಳಿಸಿಕೊಂಡು ಅದನ್ನು ಅಳವಡಿಸುವ ಡಿಪಿಕೆಜಿ ಉಪಕರಣಕ್ಕೆ ಕೊಡುತ್ತಿತ್ತು.

ವರ್ಷಗಳಿಂದ ಈ ಬಿಲ್ಡ್ ನಡೆಯುತ್ತಿದ್ದುದು ಉಬುಂಟು 20.04 ರನ್ನರ್ ಮೇಲೆ, ಅಂದರೆ ಗಿಟ್‌ಹಬ್ ಒದಗಿಸುವ ಯಂತ್ರದ ಮೇಲೆ. ಮೊದಲೇ ತಿಳಿಸಿದ್ದಂತೆ ಗಿಟ್‌ಹಬ್ 2025ರ ಏಪ್ರಿಲ್ 15ಕ್ಕೆ ಆ ರನ್ನರನ್ನು ಹಿಂತೆಗೆದುಕೊಂಡಿತು. ಬಿಲ್ಡ್ ನಿಂತಾಗ ತಂಡದ ಹುಡುಗ ಎಲ್ಲರೂ ಮಾಡುವುದನ್ನೇ ಮಾಡಿದ: 20.04 ಎಂಬಲ್ಲಿ 'ಲೇಟೆಸ್ಟ್' ಎಂದು ಬರೆದ. 2025ರ ಜನವರಿಯ ಹೊತ್ತಿಗೆ ಆ ಹೆಸರು ಉಬುಂಟು 24.04ಕ್ಕೆ ಸರಿದಿತ್ತು. ಬಿಲ್ಡ್ ಆಯಿತು, ಪರೀಕ್ಷೆಗಳೆಲ್ಲ ಪಾಸಾದವು, ಹಸಿರು ಟಿಕ್ ಬಿತ್ತು. ಬೀಳಲೇಬೇಕಿತ್ತು; ಕಟ್ಟಿದ ಯಂತ್ರದಲ್ಲೇ ಪರೀಕ್ಷಿಸಿದರೆ ಅಲ್ಲಿ ಬೇಕಾದ ಲೈಬ್ರರಿಗಳೆಲ್ಲ (ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಸಿದ್ಧ ಕೋಡ್) ಇದ್ದೇ ಇರುತ್ತವೆ. ಕಚೇರಿಯ ಲ್ಯಾಪ್‌ಟಾಪ್‌ಗಳೂ 24.04. ಹುಡುಗನನ್ನು ಬೈಯುವುದರಲ್ಲಿ ಅರ್ಥವಿರಲಿಲ್ಲ. ಗ್ರಾಹಕರ ಪಿಸಿಯಲ್ಲಿ ಏನಿದೆ ಎಂಬುದು ಪೈಪ್‌ಲೈನ್‌ನ ಯಾವ ಫೈಲಿನಲ್ಲೂ ಬರೆದಿರಲಿಲ್ಲ, ಅದು ಸರ್ವಿಸ್‌ಗೆ ಹೋಗುವವರ ತಲೆಯಲ್ಲಿತ್ತು.

ನೆಲದ ಮೇಲೆ ಕಂಡದ್ದು

ಮೊದಲ ದೋಷ ಸಂದೇಶ ಚಿಕ್ಕದು: ಲಿಬ್‌ಎಸ್‌ಎಸ್‌ಎಲ್ 3 ಸಿಗುತ್ತಿಲ್ಲ. ಎಚ್‌ಟಿಟಿಪಿಎಸ್ ಸಂಪರ್ಕಕ್ಕೆ ಬೇಕಾದ ಓಪನ್‌ಎಸ್‌ಎಸ್‌ಎಲ್‌ನ ಲೈಬ್ರರಿ ಅದು. ಉಬುಂಟು 22.04ರಿಂದ ಈಚೆಗೆ ಓಪನ್‌ಎಸ್‌ಎಸ್‌ಎಲ್ 3 ಬರುತ್ತದೆ, 20.04, ಡೆಬಿಯನ್ 10 ಮತ್ತು 11ರಲ್ಲಿ ಇರುವುದು 1.1.1. ಹಿಂದೆ ಇದೇ ತೊಂದರೆ ತಿರುಗುಮುರುಗಾಗಿ ಇತ್ತು. 20.04ರಲ್ಲಿ ಕಟ್ಟಿದ ಸಾಫ್ಟ್‌ವೇರ್ 1.1 ಕೇಳುತ್ತಿತ್ತು, ಹೊಸ ಪಿಸಿಗಳಲ್ಲಿ ಅದು ಇರುತ್ತಿರಲಿಲ್ಲ. ಆಗ ಸರ್ವಿಸ್‌ನವರು ಹಳೆಯ 1.1 ಪ್ಯಾಕೇಜನ್ನು ಪೆನ್‌ಡ್ರೈವ್‌ನಲ್ಲಿ ಒಯ್ದು ಹಾಕಿಬರುತ್ತಿದ್ದರು. 1.1.1ಕ್ಕೆ ಭದ್ರತಾ ತಿದ್ದುಪಡಿಗಳು 2023ರ ಸೆಪ್ಟೆಂಬರ್‌ನಲ್ಲೇ ನಿಂತಿದ್ದವು, ಆದರೂ ಕೆಲಸ ನಡೆಯುತ್ತಿತ್ತಲ್ಲ, ಯಾರೂ ಕೇಳಲಿಲ್ಲ.

ಆ ಅಭ್ಯಾಸವೇ ಈಗ ಮುಳುವಾಯಿತು. ಮಲೇಬೆನ್ನೂರು ರಸ್ತೆಯ ಒಂದು ಗಿರಣಿಗೆ ಹೋದ ಸರ್ವಿಸ್‌ನವನು ತನ್ನ ಲ್ಯಾಪ್‌ಟಾಪ್‌ನಿಂದ ಲಿಬ್‌ಎಸ್‌ಎಸ್‌ಎಲ್ 3 ಮತ್ತು ಅದರ ಜೋಡಿ ಲಿಬ್‌ಕ್ರಿಪ್ಟೋವನ್ನು ನಕಲು ಮಾಡಿದ. ಈಗ ಸಂದೇಶ ಒಂದರ ಬದಲು ಒಂದು ಪುಟ ಬಂತು: ಲಿನಕ್ಸ್‌ನ ಮೂಲ ಸಿ ಲೈಬ್ರರಿಯಾದ ಜಿಲಿಬ್‌ಸಿಯ 2.33 ಇಲ್ಲ, 2.34 ಇಲ್ಲ, 2.38 ಇಲ್ಲ, ಸಿ++ ಲೈಬ್ರರಿಯ 3.4.32 ಇಲ್ಲ. ಗೇಟಿನಲ್ಲಿ ಟ್ರ್ಯಾಕ್ಟರ್ ಹಾರ್ನ್, ಬಾಗಿಲಲ್ಲಿ ಮಾಲೀಕರು. ಆತ ಅದೇ ಉಪಾಯ ಮುಂದುವರಿಸಿ ಜಿಲಿಬ್‌ಸಿಯ ಮುಖ್ಯ ಫೈಲನ್ನೇ ಮೇಲೆ ಹಾಕಿಬಿಟ್ಟ. ಅಷ್ಟೇ, ಫೈಲುಗಳ ಪಟ್ಟಿ ತೋರಿಸುವ ಕಮಾಂಡೂ ಓಡದಾಯಿತು, ನಕಲು ಮಾಡುವ ಕಮಾಂಡೂ ಓಡದಾಯಿತು. ಲಿನಕ್ಸ್‌ನ ಹೆಚ್ಚುಕಡಿಮೆ ಪ್ರತಿಯೊಂದು ಪ್ರೋಗ್ರಾಂ ಆ ಲೈಬ್ರರಿಯ ಮೇಲೆ ನಿಂತಿದೆ. ಅದಕ್ಕೂ ಅದನ್ನು ಎತ್ತಿ ನಿಲ್ಲಿಸುವ ಲೋಡರ್‌ಗೂ ಒಳಗೊಳಗೇ ಒಪ್ಪಂದವಿರುತ್ತದೆ. ಒಂದನ್ನು ಮಾತ್ರ ಬದಲಿಸಿದರೆ ಎರಡೂ ಕೈಕೊಡುತ್ತವೆ. ಲೈವ್ ಪೆನ್‌ಡ್ರೈವ್‌ನಿಂದ ಪಿಸಿ ಬೂಟ್ ಮಾಡಿ ಹಳೆಯ ಫೈಲ್ ವಾಪಸ್ ಇಡಬೇಕಾಯಿತು. ತೂಕದ ಡೇಟಾಬೇಸ್‌ಗೆ ಏನೂ ಆಗಿರಲಿಲ್ಲ ಎಂಬುದೊಂದೇ ಸಮಾಧಾನ.

ಉಳಿದ ಕಡೆ ಅಷ್ಟರಲ್ಲಿ ಕಚೇರಿಯಿಂದಲೇ ಹಿಂದಿನ ಪ್ಯಾಕೇಜ್ ಕಳಿಸಿದ್ದರು. ಹಳೆಯ ಪ್ಯಾಕೇಜ್‌ಗಳನ್ನು ಅಳಿಸದೆ ಇಟ್ಟುಕೊಂಡಿದ್ದರಿಂದ ಮಧ್ಯಾಹ್ನದೊಳಗೆ ವೇಬ್ರಿಡ್ಜ್‌ಗಳು ನಡೆಯತೊಡಗಿದವು.

ಕೋಡ್ ಬದಲಾಗದೆ ಬೇಡಿಕೆ ಬದಲಾದದ್ದು

ತಂಡಕ್ಕೆ ಅರ್ಥವಾಗದೆ ಉಳಿದ ಪ್ರಶ್ನೆ ಇದು: ತೂಕ ಓದುವ ಕೋಡನ್ನು ಯಾರೂ ಮುಟ್ಟಿಲ್ಲ, ಹೊಸ ಫಂಕ್ಷನ್ ಯಾವುದನ್ನೂ ಬಳಸಿಲ್ಲ, ಹಾಗಿದ್ದರೆ 2.38 ಎಲ್ಲಿಂದ ಬಂತು?

ಜಿಲಿಬ್‌ಸಿಯಲ್ಲಿ ಪ್ರತಿ ಫಂಕ್ಷನ್‌ಗೂ ಒಂದು ಆವೃತ್ತಿಯ ಮುದ್ರೆ ಇರುತ್ತದೆ. ಬಿಲ್ಡ್ ಆಗುವಾಗ ಆ ಯಂತ್ರದಲ್ಲಿರುವ ಮುದ್ರೆ ಬೈನರಿಯೊಳಗೆ, ಅಂದರೆ ತಯಾರಾದ ಪ್ರೋಗ್ರಾಂ ಫೈಲಿನೊಳಗೆ, ಅಚ್ಚಾಗುತ್ತದೆ. ಓಡುವ ಯಂತ್ರದಲ್ಲಿ ಅದೇ ಮುದ್ರೆ ಇರಬೇಕು. ಹೊಸ ಜಿಲಿಬ್‌ಸಿಯಲ್ಲಿ ಹಳೆಯ ಮುದ್ರೆಗಳೆಲ್ಲ ಉಳಿದಿರುತ್ತವೆ, ಆದ್ದರಿಂದ ಹಳೆಯದರಲ್ಲಿ ಕಟ್ಟಿದ್ದು ಹೊಸದರಲ್ಲಿ ಓಡುತ್ತದೆ. ಹೊಸದರಲ್ಲಿ ಕಟ್ಟಿದ್ದು ಹಳೆಯದರಲ್ಲಿ ಓಡುವ ಭರವಸೆ ಇಲ್ಲ. ಡೆಬಿಯನ್ 10ರಲ್ಲಿರುವುದು 2.28, ಡೆಬಿಯನ್ 11 ಮತ್ತು ಉಬುಂಟು 20.04ರಲ್ಲಿ 2.31, 22.04ರಲ್ಲಿ 2.35, 24.04ರಲ್ಲಿ 2.39.

ಆಬ್ಜ್‌ಡಂಪ್ ಉಪಕರಣದಿಂದ ಹಳೆಯ ಮತ್ತು ಹೊಸ ಬೈನರಿಗಳನ್ನು ಪಕ್ಕಪಕ್ಕ ತೆರೆದೆವು. ಹಳೆಯದು 2.31ರಲ್ಲಿ ಕಟ್ಟಿದ್ದರೂ ಕೇಳುತ್ತಿದ್ದುದು ಹೆಚ್ಚೆಂದರೆ 2.28. ಅದೂ ಒಂದೇ ಕಾರಣಕ್ಕೆ: ಒಳಗೆ ಸೇರಿಸಿಕೊಂಡಿದ್ದ ಎಸ್‌ಕ್ಯೂಲೈಟ್ ಫೈಲಿಗೆ ಬೀಗ ಹಾಕಲು ಬಳಸುವ ಎಫ್‌ಸಿಎನ್‌ಟಿಎಲ್ ಕರೆಯ 64 ಬಿಟ್ ರೂಪಕ್ಕೆ 2.28ರ ಮುದ್ರೆ ಇದೆ. ಡೆಬಿಯನ್ 10ರಲ್ಲಿ ಇಷ್ಟು ವರ್ಷ ಓಡಿದ್ದು ಯಾರೂ ಯೋಜಿಸಿದ್ದರಿಂದಲ್ಲ, ಅಂಕಿ ಸರಿಯಾಗಿ ಅಲ್ಲಿಗೇ ಬಂದು ನಿಂತಿದ್ದರಿಂದ.

ಹೊಸದರಲ್ಲಿ ಕಂಡದ್ದು ಬೇರೆಯೇ ಚಿತ್ರ. 2.33ರಲ್ಲಿ ಫೈಲಿನ ವಿವರ ಕೇಳುವ ಸ್ಟ್ಯಾಟ್ ಕರೆಗಳಿಗೆ ಹೊಸ ಮುದ್ರೆ ಬಂತು. 2021ರ ಆಗಸ್ಟ್‌ನಲ್ಲಿ ಬಂದ 2.34ರಲ್ಲಿ ಅಲ್ಲಿಯವರೆಗೆ ಬೇರೆಯಾಗಿದ್ದ ಥ್ರೆಡ್ (ಒಂದೇ ಪ್ರೋಗ್ರಾಂನೊಳಗೆ ಜೊತೆಜೊತೆಗೆ ಓಡುವ ಕೆಲಸದ ಎಳೆ) ಲೈಬ್ರರಿಯನ್ನು ಮುಖ್ಯ ಲೈಬ್ರರಿಯೊಳಗೆ ಸೇರಿಸಿದರು. ಥ್ರೆಡ್ ಹುಟ್ಟಿಸುವ ಫಂಕ್ಷನ್‌ಗೂ, ಪ್ರೋಗ್ರಾಂ ಶುರುವಾಗುವ ಮೊದಲ ಕರೆಗೂ ಹೊಸ ಮುದ್ರೆ ಬಿತ್ತು. ಹಾಗಾಗಿ 2.34 ಅಥವಾ ಅದಕ್ಕಿಂತ ಈಚಿನದರಲ್ಲಿ ಎಂದಿನಂತೆ ಕಟ್ಟಿದ, ಏನನ್ನೂ ಮಾಡದ ಸಿ ಪ್ರೋಗ್ರಾಂ ಕೂಡ 20.04ರಲ್ಲಿ ಓಡುವುದಿಲ್ಲ. ಇನ್ನು 2.38. ಅಕ್ಷರಸಾಲನ್ನು ಅಂಕಿಯಾಗಿಸುವ ಎಸ್‌ಟಿಆರ್‌ಟೋಲ್, ಎಸ್‌ಸ್ಕ್ಯಾನ್‌ಎಫ್ ಬಳಗಕ್ಕೆ ಸಿ23 ಮಾನದಂಡದ ಪ್ರಕಾರ ಎರಡರ ಪದ್ಧತಿಯ ಅಂಕಿಗಳನ್ನೂ ಓದುವ ಹೊಸ ರೂಪ ಆ ಆವೃತ್ತಿಯಲ್ಲಿ ಬಂತು. ಜಿ++ ಕಂಪೈಲರ್ ಗ್ನೂ ವಿಸ್ತರಣೆಗಳನ್ನು ತಾನಾಗಿ ಹಚ್ಚಿಕೊಳ್ಳುವುದರಿಂದ, ಕೋಡ್‌ನಲ್ಲಿ ಹಳೆಯ ಹೆಸರೇ ಇದ್ದರೂ ಹೆಡರ್ ಫೈಲು ಸದ್ದಿಲ್ಲದೆ ಹೊಸ ರೂಪದ ಕಡೆ ತಿರುಗಿಸುತ್ತದೆ. ಈ ಸಾಫ್ಟ್‌ವೇರ್‌ನಲ್ಲಿ ಆ ಫಂಕ್ಷನ್ ಇದ್ದದ್ದು ಇಂಡಿಕೇಟರ್‌ನಿಂದ ಬಂದ ತೂಕವನ್ನು ಓದುವ ಸಾಲಿನಲ್ಲಿ, ಅಂದರೆ ಯಾರೂ ಮುಟ್ಟದೆ ಬಿಟ್ಟಿದ್ದ ಅತ್ಯಂತ ಹಳೆಯ ಸಾಲಿನಲ್ಲಿ. ಸಿ++ ಲೈಬ್ರರಿಯ 3.4.32 ಬಂದದ್ದೂ ಹೀಗೆಯೇ. ಜಿ++ ಇರುವ ಕಂಪೈಲರ್ ಬಳಗವಾದ ಜಿಸಿಸಿಯ 13ನೇ ಆವೃತ್ತಿಯಲ್ಲಿ, ಸಿ++ನ ಓದು-ಬರಹದ ಭಾಗವಾದ ಐಒಸ್ಟ್ರೀಮ್ ಸಜ್ಜುಗೊಳ್ಳುವ ವಿಧಾನ ಬದಲಾಯಿತು, ಆ ಹೆಡರ್ ಸೇರಿಸಿದವರೆಲ್ಲರ ಬೈನರಿಗೂ ಆ ಮುದ್ರೆ ಅಂಟುತ್ತದೆ.

ನನ್ನನ್ನು ಇದಕ್ಕಿಂತ ಹೆಚ್ಚು ಕಾಡಿದ್ದು ಪ್ಯಾಕೇಜ್. ಡೆಬಿಯನ್‌ನಲ್ಲಿ ಬೈನರಿಯ ಬೇಡಿಕೆಗಳನ್ನು ಓದಿ ಪ್ಯಾಕೇಜ್‌ನ ಅವಲಂಬನೆ ಪಟ್ಟಿಯನ್ನು ತಾನೇ ಬರೆಯುವ ಉಪಕರಣವಿದೆ, ಡಿಪಿಕೆಜಿ-ಶ್ಲಿಬ್‌ಡೆಪ್ಸ್. ಅದನ್ನು ಬಳಸಿದ್ದರೆ ಪ್ಯಾಕೇಜ್ ಮೇಲೆ 'ಲಿಬ್‌ಸಿ6, 2.38 ಅಥವಾ ಮೇಲ್ಪಟ್ಟು' ಎಂದು ಬರೆದಿರುತ್ತಿತ್ತು. ಇಲ್ಲಿ ಕಂಟ್ರೋಲ್ ಫೈಲನ್ನು ಹಿಂದೊಮ್ಮೆ ಕೈಯಿಂದ ಬರೆದು, ಅವಲಂಬನೆಯ ಜಾಗ ಖಾಲಿ ಬಿಟ್ಟಿದ್ದರು. ಎಪಿಎಂಸಿ ಗೇಟಿನಲ್ಲಿ ಪಾಸ್ ಕೇಳುವವನೇ ಇಲ್ಲದಿದ್ದರೆ ಯಾವ ಗಾಡಿಯಾದರೂ ಒಳಗೆ ಬರುತ್ತದೆ, ಹಾಗಾಯಿತು. ಪಟ್ಟಿ ಬರೆದಿದ್ದರೂ ತೊಂದರೆ ಪೂರ್ತಿ ತಪ್ಪುತ್ತಿರಲಿಲ್ಲ. ಡಿಪಿಕೆಜಿಗೆ ನೇರವಾಗಿ ಪ್ಯಾಕೇಜ್ ಕೊಟ್ಟರೆ ಅದು ಫೈಲುಗಳನ್ನೆಲ್ಲ ಬಿಚ್ಚಿಹಾಕಿ, ಹಳೆಯದರ ಮೇಲೆ ಬರೆದು, ಆಮೇಲೆ ಅವಲಂಬನೆ ಸಾಲದು ಎನ್ನುತ್ತದೆ. ಎಪಿಟಿ ಎಂಬ ಇನ್ನೊಂದು ಉಪಕರಣ ಹಾಗಲ್ಲ, ಅದು ಮೊದಲು ಲೆಕ್ಕ ಹಾಕುತ್ತದೆ, ಹೊಂದದಿದ್ದರೆ ಮುಟ್ಟುವುದೇ ಇಲ್ಲ. ಹಳೆಯ ಆವೃತ್ತಿ ಓಡುತ್ತಲೇ ಇರುತ್ತದೆ, ಹೊಸದು ಬಂದಿಲ್ಲ ಎಂದು ಕಚೇರಿಗೆ ಗೊತ್ತಾಗುತ್ತದೆ.

ಬೇಡವೆಂದದ್ದು, ಬೇಕೆಂದದ್ದು

'ಎಲ್ಲರ ಪಿಸಿಗೂ 24.04 ಹಾಕಿಬಿಡೋಣ' ಎಂಬುದು ಮೊದಲು ಬಂದ ಮಾತು. ಭತ್ತ ಮುಗಿದರೆ ಮೆಕ್ಕೆಜೋಳ, ಅದಾದ ಮೇಲೆ ಮತ್ತೆ ಭತ್ತ. ದಾವಣಗೆರೆಯ ವೇಬ್ರಿಡ್ಜ್‌ಗೆ ಬಿಡುವು ಕಮ್ಮಿ. ಇದನ್ನು ಕೂತು ಚರ್ಚಿಸಲೂ ಇಲ್ಲ.

ಬೇಕಾದ ಲೈಬ್ರರಿಗಳ ಸಮೇತ ಡಾಕರ್ ಕಂಟೇನರ್ ಎಂಬ ಡಬ್ಬಿಯಲ್ಲಿಟ್ಟು ಗ್ರಾಹಕರಿಗೆ ಕೊಡುವುದು ಇನ್ನೊಂದು. ಎರಡು ಜಿಬಿ ರ‍್ಯಾಮ್‌ನ ಪಿಸಿಗಳಿವೆ, ಸೀರಿಯಲ್ ಪೋರ್ಟ್ ಮತ್ತು ಪ್ರಿಂಟರನ್ನು ಒಳಗೆ ಬಿಟ್ಟುಕೊಡಬೇಕು, ಅದನ್ನೆಲ್ಲ ಸಂಭಾಳಿಸಬಹುದು. ಒಂದು ಹಳೆಯ ಪಿಸಿಯಲ್ಲಿ ಪ್ರಯೋಗಕ್ಕೆಂದು 24.04ರ ಕಂಟೇನರ್ ಎಬ್ಬಿಸಿದಾಗ ಥ್ರೆಡ್ ಹುಟ್ಟಲೇ ಇಲ್ಲ. ಜಿಲಿಬ್‌ಸಿ 2.34ರಿಂದ ಥ್ರೆಡ್‌ಗೆ ಕ್ಲೋನ್3 ಎಂಬ ಹೊಸ ಸಿಸ್ಟಂ ಕರೆಯನ್ನು ಮೊದಲು ಪ್ರಯತ್ನಿಸುತ್ತದೆ. ಲಿನಕ್ಸ್‌ನ ತಿರುಳಾದ ಕರ್ನೆಲ್ 'ಅಂಥದ್ದು ಇಲ್ಲ' ಎಂದರೆ ಹಳೆಯ ದಾರಿ ಹಿಡಿಯುತ್ತದೆ. 20.10.10ಕ್ಕಿಂತ ಹಳೆಯ ಡಾಕರ್‌ನ ಭದ್ರತಾ ಜರಡಿ 'ಇಲ್ಲ' ಎನ್ನುವ ಬದಲು 'ಅನುಮತಿ ಇಲ್ಲ' ಎನ್ನುತ್ತಿತ್ತು, ಅಲ್ಲಿಗೆ ಮುಗಿಯಿತು. ಅಂದರೆ ಕಂಟೇನರ್ ಕೊಟ್ಟರೂ ಹೊಂದಾಣಿಕೆಯ ತಲೆನೋವು ಹೋಗುವುದಿಲ್ಲ, ಲೈಬ್ರರಿಯಿಂದ ಡಾಕರ್ ಆವೃತ್ತಿಗೆ ಜಾಗ ಬದಲಿಸುತ್ತದೆ.

ಜಿಲಿಬ್‌ಸಿ ಬದಲು ಮಸ್ಲ್ ಎಂಬ ಸಿ ಲೈಬ್ರರಿ ಬಳಸಿ ಪೂರ್ತಿ ಸ್ಟ್ಯಾಟಿಕ್ ಬೈನರಿ, ಅಂದರೆ ಲೈಬ್ರರಿಗಳೆಲ್ಲ ಒಳಗೇ ಸೇರಿದ ಬೈನರಿ, ಮಾಡುವುದು ನನಗೆ ಮೆಚ್ಚುಗೆಯ ದಾರಿಯೇ. ಇಲ್ಲಿ ಅಡ್ಡ ಬಂದದ್ದು ಗಾಡಿ ನಂಬರ್ ಫೋಟೋ ತೆಗೆಯುವ ಕ್ಯಾಮೆರಾ. ಅದರ ತಯಾರಕರು ಕೊಡುವುದು ಜಿಲಿಬ್‌ಸಿಗೆಂದು ಕಟ್ಟಿದ ಮುಚ್ಚಿದ ಲೈಬ್ರರಿ ಫೈಲ್. ಸ್ಟ್ಯಾಟಿಕ್ ಮಸ್ಲ್ ಬೈನರಿ ಅದನ್ನು ಎತ್ತಿಕೊಳ್ಳಲಾರದು. ಜಿಲಿಬ್‌ಸಿಯನ್ನೇ ಸ್ಟ್ಯಾಟಿಕ್ ಆಗಿ ಕಟ್ಟಿದರೂ ಅದೇ ಕಥೆ, ಜೊತೆಗೆ ಹೋಸ್ಟ್ ಹೆಸರು ಹುಡುಕುವ ಕರೆಗಳು ಹೇಗೂ ಓಡುವ ಯಂತ್ರದ ಲೈಬ್ರರಿಗಳನ್ನೇ ಕೇಳುತ್ತವೆ. ಜಿಗ್ ಕಂಪೈಲರ್‌ಗೆ ಯಾವ ಜಿಲಿಬ್‌ಸಿ ಆವೃತ್ತಿಗೆ ಕಟ್ಟಬೇಕೆಂದು ನೇರವಾಗಿ ಹೇಳಬಹುದು, ಸೊಗಸಾದ ಸೌಲಭ್ಯ. ಆದರೆ ತಂಡದಲ್ಲಿ ಅದನ್ನು ಬಲ್ಲವರಿರಲಿಲ್ಲ, ನಾನು ಹೋದ ಮೇಲೆ ನೋಡಿಕೊಳ್ಳಬೇಕಾದವರು ಅವರು.

ಕೊನೆಗೆ ಹಿಡಿದದ್ದು ಆಲ್ಮಾಲಿನಕ್ಸ್ 8 ಎಂಬ ಇನ್ನೊಂದು ಲಿನಕ್ಸ್‌ನ ಕಂಟೇನರ್, ಗ್ರಾಹಕರಿಗೆ ಕೊಡಲಲ್ಲ, ಬಿಲ್ಡ್ ಮಾಡಲು. ಅದರಲ್ಲಿರುವುದು ಜಿಲಿಬ್‌ಸಿ 2.28, ಡೆಬಿಯನ್ 10ರ ಮಟ್ಟವೇ. ಭದ್ರತಾ ತಿದ್ದುಪಡಿಗಳು 2029ರವರೆಗೆ ಬರುತ್ತವೆ. ಪೈಥಾನ್ ಲೋಕದಲ್ಲಿ ಸಿದ್ಧ ಪ್ಯಾಕೇಜ್‌ಗಳನ್ನು ಕಟ್ಟುವ ಮೆನಿಲಿನಕ್ಸ್ 2.28 ಇಮೇಜ್ ನಿಂತಿರುವುದೂ ಇದರ ಮೇಲೆಯೇ. ಡೆಬಿಯನ್ 10ರ ಕಂಟೇನರನ್ನೇ ಬಳಸಬಹುದಿತ್ತು, ಆದರೆ ಅದರ ಪ್ಯಾಕೇಜ್‌ಗಳು ಆರ್ಕೈವ್‌ಗೆ ಹೋಗಿವೆ, ತಿದ್ದುಪಡಿ ಇಲ್ಲ. ಆಲ್ಮಾದಲ್ಲಿ ಜಿಸಿಸಿ-ಟೂಲ್‌ಸೆಟ್ ಎಂಬ ಹೊಸ ಕಂಪೈಲರ್‌ಗಳೂ ಸಿಗುತ್ತವೆ. ಸಿಸ್ಟಂನ ಹಳೆಯ ಸಿ++ ಲೈಬ್ರರಿಯಲ್ಲಿ ಇಲ್ಲದ ಭಾಗಗಳನ್ನಷ್ಟೇ ಅವು ಬೈನರಿಯೊಳಗೆ ಸ್ಟ್ಯಾಟಿಕ್ ಆಗಿ ಸೇರಿಸುತ್ತವೆ. ಹೊಸ ಸಿ++ ಬರೆಯುವ ಹುಡುಗರಿಗೂ ಸಿಟ್ಟಿಲ್ಲ, ಹಳೆಯ ಪಿಸಿಗೂ ತೊಂದರೆಯಿಲ್ಲ.

ಚಳ್ಳಕೆರೆಯ ಎಣ್ಣೆ ಗಿರಣಿಯವರೊಬ್ಬರು ತಮ್ಮ ಸೆಂಟ್‌ಒಎಸ್ 7 (ಇನ್ನೂ ಹಳೆಯ ಲಿನಕ್ಸ್) ಸರ್ವರ್‌ನಲ್ಲೂ ಇದನ್ನು ಓಡಿಸಿಕೊಡಿ ಎಂದು ಮೊದಲಿನಿಂದ ಕೇಳುತ್ತಿದ್ದರು. ಹೇಗೂ ಕೆಲಸಕ್ಕೆ ಇಳಿದಿದ್ದೇವೆ, ಅದರ 2.17ಕ್ಕೇ ಮಟ್ಟ ಇಳಿಸೋಣವೇ ಎಂಬ ಪ್ರಶ್ನೆ ಎದ್ದಿತು. ನಾನು ಬೇಡವೆಂದೆ. ಸೆಂಟ್‌ಒಎಸ್ 7ರ ಆಯಸ್ಸು 2024ರ ಜೂನ್ 30ಕ್ಕೆ ಮುಗಿದಿದೆ. ಸಾಲದ್ದಕ್ಕೆ, ಗಿಟ್‌ಹಬ್ ಆ್ಯಕ್ಷನ್ಸ್‌ನಲ್ಲಿ ಕೋಡ್ ಇಳಿಸಿಕೊಳ್ಳುವ ಹಂತವೇ ಆಗ ನೋಡ್ 20 (ಜಾವಾಸ್ಕ್ರಿಪ್ಟ್ ಓಡಿಸುವ ವ್ಯವಸ್ಥೆ) ಮೇಲೆ ಓಡುತ್ತಿತ್ತು, ನೋಡ್ 20 ಕೇಳುವುದು ಜಿಲಿಬ್‌ಸಿ 2.28, ಸೆಂಟ್‌ಒಎಸ್ 7ರ ಕಂಟೇನರ್‌ನೊಳಗೆ ಮೊದಲ ಹೆಜ್ಜೆಯೇ ಬೀಳುತ್ತಿರಲಿಲ್ಲ. ಅಡ್ಡದಾರಿಗಳಿವೆ. ಒಂದು ಸರ್ವರ್‌ಗಾಗಿ ಅವನ್ನು ತುಳಿಯುವುದು ತರವಲ್ಲ ಎನಿಸಿತು.

ಸರಿಯಾಯಿತು ಎಂದ ಮೇಲೆ

ಓಪನ್‌ಎಸ್‌ಎಸ್‌ಎಲ್ ಅನ್ನು ಸ್ಟ್ಯಾಟಿಕ್ ಆಗಿ ಒಳಗೇ ಸೇರಿಸುವುದೆಂದು ತೀರ್ಮಾನಿಸಿದೆವು. 2025ರ ಏಪ್ರಿಲ್‌ನಲ್ಲಿ ಬಂದ 3.5 ದೀರ್ಘ ಬೆಂಬಲದ ಸಾಲಿನದು. ಇನ್ನು ಮೇಲೆ ಅದರಲ್ಲಿ ಭದ್ರತಾ ದೋಷ ಬಂದರೆ ಗ್ರಾಹಕರ ಪಿಸಿಯ ಅಪ್‌ಡೇಟ್ ಕಾಯುವುದಿಲ್ಲ, ಕಚೇರಿಯೇ ಹೊಸ ರಿಲೀಸ್ ಕೊಡಬೇಕು. ಈ ಹೊರೆಯನ್ನು ಮಾಲೀಕರಿಗೆ ಬಾಯಿಮಾತಲ್ಲಿ ಬಿಡದೆ ಬರೆದು ಕೊಟ್ಟೆ.

ಹೊಸ ಬಿಲ್ಡ್ ಎಲ್ಲ ಕಡೆ ಓಡಿತು, ಆದರೆ ಲೆಕ್ಕ ಕಳಿಸುವ ಸಂಪರ್ಕ ಎಲ್ಲ ಕಡೆಯೂ 'ಪ್ರಮಾಣಪತ್ರ ಪರಿಶೀಲನೆ ವಿಫಲ' ಎಂದು ನಿಂತಿತು. ನಾವೇ ಕಟ್ಟಿದ ಓಪನ್‌ಎಸ್‌ಎಸ್‌ಎಲ್ ನಂಬಿಕಸ್ಥ ಪ್ರಮಾಣಪತ್ರಗಳನ್ನು ತನ್ನ ಮೂಲ ಜಾಗದಲ್ಲಿ, ಯುಎಸ್‌ಆರ್-ಲೋಕಲ್ ಕೆಳಗಿನ ಎಸ್‌ಎಸ್‌ಎಲ್ ಫೋಲ್ಡರ್‌ನಲ್ಲಿ ಹುಡುಕುತ್ತಿತ್ತು. ಡೆಬಿಯನ್, ಉಬುಂಟುಗಳಲ್ಲಿ ಅವು ಇರುವುದು ಇಟಿಸಿ ಎಂಬ ಫೋಲ್ಡರ್ ಕೆಳಗೆ. ಓಪನ್‌ಎಸ್‌ಎಸ್‌ಎಲ್ ಕಟ್ಟುವಾಗಲೇ ಆ ದಾರಿ ಹೇಳಿಕೊಟ್ಟರೆ ಮುಗಿಯಿತು. 'ಪರಿಶೀಲನೆಯನ್ನೇ ಆಫ್ ಮಾಡಿದರಾಯ್ತಲ್ಲ ಸರ್' ಎಂಬ ಸಲಹೆಯೂ ಬಂದಿತ್ತು. ಇಂಟರ್‌ನೆಟ್ ತುಂಬ ಸಿಗುವ ಸಲಹೆ ಅದು, ಅದಕ್ಕೆ ಹೂಂ ಅನ್ನದವರು ಕಡಿಮೆ.

ಹೊಳಲ್ಕೆರೆ ಕಡೆಯ ಒಂದು ಪಿಸಿ ಇಷ್ಟಾದರೂ ಮಣಿಯಲಿಲ್ಲ. ಸಾಫ್ಟ್‌ವೇರ್ ತೆರೆಯುತ್ತದೆ, ತೂಕ ಬರುತ್ತದೆ, ಗಾಡಿಯ ಫೋಟೋ ತೆಗೆದ ಕೂಡಲೇ 'ಅಕ್ರಮ ಇನ್‌ಸ್ಟ್ರಕ್ಷನ್' ಎಂದು ಸಾಯುತ್ತದೆ. ಇದು ಲೈಬ್ರರಿಯ ವಿಷಯವಲ್ಲ, ಚಿಪ್ಪಿನದು. ಫೋಟೋ ಸಂಸ್ಕರಣೆಯ ಭಾಗ ಈ ರಿಲೀಸ್‌ನಲ್ಲಿ ಹೊಸದಾಗಿ ಸೇರಿತ್ತು. ಅದನ್ನು ಕಟ್ಟುವ ಸೂಚನೆಗಳಿರುವ ಸಿಮೇಕ್ ಫೈಲಿನಲ್ಲಿ 'ಈ ಯಂತ್ರದ ಚಿಪ್ಪಿಗೆ ತಕ್ಕಂತೆ ಕಟ್ಟು' ಎನ್ನುವ ನೇಟಿವ್ ಆಯ್ಕೆ ಇತ್ತು. ಬಿಲ್ಡ್ ನಡೆದದ್ದು ಕ್ಲೌಡ್‌ನ ಸರ್ವರ್ ಚಿಪ್ಪಿನ ಮೇಲೆ, ಅದರಲ್ಲಿ ಎವಿಎಕ್ಸ್2 ಎಂಬ ಹೆಚ್ಚುವರಿ ಇನ್‌ಸ್ಟ್ರಕ್ಷನ್‌ಗಳ ಗುಂಪು ಇದೆ. ಹೊಳಲ್ಕೆರೆಯದು ಹಳೆಯ ಪೆಂಟಿಯಂ. ಪೆಂಟಿಯಂ, ಸೆಲೆರಾನ್‌ಗಳಲ್ಲಿ ಹಲವು ತಲೆಮಾರುಗಳವರೆಗೆ ಎವಿಎಕ್ಸ್ ಇರಲಿಲ್ಲ. ರನ್ನರ್‌ನ ಚಿಪ್ಪು ದಿನದಿಂದ ದಿನಕ್ಕೆ ಬದಲಾಗಬಹುದಾದ್ದರಿಂದ ಒಂದೇ ಕೋಡ್‌ನ ಎರಡು ಬಿಲ್ಡ್‌ಗಳಲ್ಲಿ ಒಂದು ಓಡಿ ಇನ್ನೊಂದು ಓಡದೆಯೂ ಹೋಗಬಹುದು. ಆ ಆಯ್ಕೆ ತೆಗೆದು ಎಕ್ಸ್86-64ರ ಮೂಲ ಮಟ್ಟಕ್ಕೆ ನಿಲ್ಲಿಸಿದೆವು. ಫೋಟೋ ತುಸು ನಿಧಾನ ಬರುತ್ತದೆ, ಡ್ರೈವರ್ ಕೆಳಗಿಳಿದು ಚೀಟಿ ತೆಗೆದುಕೊಳ್ಳುವಷ್ಟರಲ್ಲಿ ಬಂದಿರುತ್ತದೆ.

ಈಗ ಪೈಪ್‌ಲೈನ್‌ನಲ್ಲಿ 2.28 ಎಂಬ ಅಂಕಿ ಒಂದೇ ಫೈಲಿನಲ್ಲಿದೆ. ಬಿಲ್ಡ್ ಮುಗಿದ ಕೂಡಲೇ ಒಂದು ಸ್ಕ್ರಿಪ್ಟ್ ಬೈನರಿಯಲ್ಲಿರುವ ಮುದ್ರೆಗಳನ್ನು ಓದಿ, ಅದಕ್ಕಿಂತ ಮೇಲಿನದು ಒಂದಾದರೂ ಕಂಡರೆ ಅದರ ಹೆಸರು ಹೇಳಿ ಬಿಲ್ಡ್ ನಿಲ್ಲಿಸುತ್ತದೆ. ಪ್ಯಾಕೇಜ್‌ನ ಅವಲಂಬನೆ ಪಟ್ಟಿ ತಯಾರಾಗುವುದೂ ಅದೇ ಅಂಕಿಯಿಂದ. ಆಲ್ಮಾದಲ್ಲಿ ಕಟ್ಟುವುದರಿಂದ ಡೆಬಿಯನ್‌ನ ಆ ಉಪಕರಣ ಇಲ್ಲಿ ನೆರವಿಗೆ ಬರುವುದಿಲ್ಲ. ಮುಂದೆ ಅದೇ ಪ್ಯಾಕೇಜನ್ನು ಡೆಬಿಯನ್ 10, 11, 12, ಉಬುಂಟು 20.04, 22.04, 24.04 ಕಂಟೇನರ್‌ಗಳಲ್ಲಿ ಹಾಕಿ, ಓಡಿಸಿ, ಒಂದು ಸುಳ್ಳು ತೂಕ ಕೊಟ್ಟು ಚೀಟಿ ತೆಗೆಸುತ್ತೇವೆ. ಕಂಟೇನರ್‌ಗಳು ರನ್ನರ್‌ನ ಕರ್ನೆಲ್ಲನ್ನೇ, ಚಿಪ್ಪನ್ನೇ ಹಂಚಿಕೊಳ್ಳುವುದರಿಂದ ಹೊಳಲ್ಕೆರೆಯಂಥದ್ದು ಅಲ್ಲಿ ಸಿಕ್ಕಿಬೀಳುವುದಿಲ್ಲ. ಅದಕ್ಕೆಂದೇ ಗ್ರಾಹಕರೊಬ್ಬರಿಂದ ವಾಪಸ್ ಬಂದ ಹಳೆಯ ಪೆಂಟಿಯಂ ಪಿಸಿಯೊಂದನ್ನು ಸೀರಿಯಲ್ ಕೇಬಲ್ ಸಮೇತ ಕಚೇರಿಯಲ್ಲಿ ಇಟ್ಟಿದ್ದಾರೆ, ರಿಲೀಸ್ ಮೊದಲು ಓಡುವುದು ಅದರಲ್ಲಿ. ಡಿಪಿಕೆಜಿ ಸ್ಕ್ರಿಪ್ಟ್ ಹೋಗಿ ಕಚೇರಿಯದೇ ಎಪಿಟಿ ರೆಪಾಸಿಟರಿ ಬಂದಿದೆ. ರನ್ನರ್‌ನ ಹೆಸರಿನಲ್ಲಿ 'ಲೇಟೆಸ್ಟ್' ಇನ್ನೂ ಹಾಗೇ ಇದೆ. ಕಂಟೇನರ್‌ನೊಳಗೆ ಕಟ್ಟುವುದರಿಂದ ಹೊರಗೆ ಯಾವ ಉಬುಂಟು ಇದ್ದರೂ ಬೈನರಿ ಬದಲಾಗುವುದಿಲ್ಲ. ಕಂಟೇನರ್ ಇಮೇಜನ್ನು ಮಾತ್ರ ಹೆಸರಿನಿಂದಲ್ಲದೆ ಡೈಜೆಸ್ಟ್‌ನಿಂದ, ಅಂದರೆ ಆ ಒಂದು ಇಮೇಜಿಗೇ ಮೀಸಲಾದ ಗುರುತಿನಿಂದ, ಕರೆಯುತ್ತೇವೆ, ತಿಂಗಳಿಗೊಮ್ಮೆ ಯಾರಾದರೂ ನೋಡಿ ಬದಲಿಸಬೇಕು.

ಬಾಕಿ ಉಳಿದದ್ದು ಕ್ಯಾಮೆರಾ ತಯಾರಕರ ಮುಚ್ಚಿದ ಲೈಬ್ರರಿ. ಅವರು ಮುಂದಿನ ಆವೃತ್ತಿಯನ್ನು ಹೊಸ ಉಬುಂಟುವಿನಲ್ಲಿ ಕಟ್ಟಿ ಕಳಿಸಿದರೆ ನಮ್ಮ ಬೈನರಿ ಎಷ್ಟು ಕೆಳಗಿದ್ದರೂ ಪ್ರಯೋಜನವಿಲ್ಲ. ಪರೀಕ್ಷಾ ಸ್ಕ್ರಿಪ್ಟ್‌ಗೆ ಆ ಫೈಲನ್ನೂ ಸೇರಿಸಿದ್ದೇವೆ. ಯಾವ ಜಿಲಿಬ್‌ಸಿ ಮಟ್ಟಕ್ಕೆ ಕಟ್ಟಿಕೊಡುತ್ತೀರಿ ಎಂದು ಅವರಿಗೆ ಬರೆದ ಪತ್ರಕ್ಕೆ ಇನ್ನೂ ಉತ್ತರ ಬಂದಿಲ್ಲ.